ವಾಯು, ಗುಳಿಗಿ ಮತ್ತು ಡಾಕ್ಟರ ಅನುಮಾನ

ನಮ್ಮ ಕಡೆ ಕೀಲಿಗೆ ಬರುವ ಎಲ್ಲ ನೋವಿಗೂ ಒಂದೇ ಹೆಸರು - ವಾಯು. ಹಾನಗಲ್ಲಿನ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಸೊಂಟ ಹಿಡಿದರೂ ವಾಯು, ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊತ್ತು ಮೊಣಕಾಲು ಬಾತರೂ ವಾಯು. ಸವಣೂರಿನಲ್ಲಿ ಜ್ವರ ಬಂದು ಹೋದ ಮೇಲೆ ಕೈಕಾಲು ಹರಿದರೂ ವಾಯು, ಶಿಗ್ಗಾಂವಿಯಲ್ಲಿ ಬೆಳಗ್ಗೆ ಎದ್ದಾಗ ಬೆರಳು ಮಡಚಲಿಕ್ಕೆ ಬಾರದಿದ್ದರೂ ವಾಯು! ಈ ನಾಲ್ಕೂ ತಾಲೂಕಿನಲ್ಲಿ ನನಗೆ ಬಳಗ ಇದೆ. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ವಾಯುವಿನ ವಿಷಯ ತೆಗೆಯದೆ ಏಳುವುದಿಲ್ಲ.

ಹೆಸರು ಒಂದೇ ಇದ್ದರೂ ಮದ್ದು ಮಾತ್ರ ಹತ್ತು. ಎಣ್ಣೆ ತಿಕ್ಕುವುದು, ಲಕ್ಕಿ ಸೊಪ್ಪಿನ ಬಿಸಿನೀರು, ಊರ ಡಾಕ್ಟರ ಸೂಜಿ... ಈಚೆಗೆ ಇನ್ನೊಂದು ಸೇರಿದೆ: "ಆಂಟಿಬಯಾಟಿಕ್ ತಗೊಂಡ್ರ ವಾಯು ಬೇರಿನಿಂದ ಹೋಗತೈತಂತ". ಮೊಬೈಲಿನಲ್ಲಿ ಓಡಾಡುವ ಮಾತು. ಆದರೆ ಇದು ಮೊಬೈಲಿಗಿಂತ ಬಹಳ ಹಳೆಯದು. ಇದರ ಹಿಂದೆ ನೂರು ವರ್ಷದ ಜಗಳ ಇದೆ. ರೋಗಿಗಳು ಬೇಕೆಂದರು, ವೈದ್ಯರು ಬೇಡವೆಂದರು, ಕೊನೆಗೆ ಇಬ್ಬರೂ ಅಂದುಕೊಂಡಿರದ ಉತ್ತರ ಬಂತು. ಆ ಕಥೆ ಹೇಳಲಿಕ್ಕೇ ಈ ಬರಹ.

ನನಗೆ ಇದರ ಗೊಡವೆ ಬಂದದ್ದು ಹಾನಗಲ್ಲ ತಾಲೂಕಿನ ನಮ್ಮ ದೊಡ್ಡವ್ವನಿಂದ. ಎರಡೂ ಕೈಯ ಬೆರಳಿನ ಗೆಣ್ಣು ಬಾತು, ಬೆಳಗ್ಗೆ ಒಂದು ತಾಸು ಲೋಟ ಹಿಡಿಯಲಿಕ್ಕೂ ಆಗುತ್ತಿರಲಿಲ್ಲ. ನಡುವೆ ಒಮ್ಮೆ ಜ್ವರ ಬಂದಾಗ ಊರ ಡಾಕ್ಟರು ಒಂದು ವಾರ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಆ ವಾರ ಬೆರಳು ಹಗುರಾದವು. ಅಲ್ಲಿಂದ ಒಂದೇ ಹಟ. ಹುಬ್ಬಳ್ಳಿಯಲ್ಲಿ ಕೀಲು ರೋಗದ ತಜ್ಞೆಯೊಬ್ಬರ ಹತ್ತಿರ ಕರೆದುಕೊಂಡು ಹೋದಾಗ ಕೂರುವ ಮೊದಲೇ ಶುರು ಮಾಡಿದಳು: "ಆ ಜ್ವರದ ಗುಳಿಗಿ ತಗೊಂಡಾಗ ಬೆರಳು ಹಗೂರಾಗಿದ್ವ್ರೀ. ಅದನ್ನ ಬರದು ಕೊಡ್ರಿ, ಸಾಕು."

ಡಾಕ್ಟರು ನಗಲೂ ಇಲ್ಲ, ಬೈಯಲೂ ಇಲ್ಲ. ಎರಡು ಪ್ರಶ್ನೆ ಕೇಳಿದರು. "ಅಮ್ಮಾ, ಆ ಗುಳಿಗಿ ಜೋಡಿ ಸೂಜಿ ಏನರ ಮಾಡಿಸ್ಕೊಂಡಿದ್ರೇನು?" ಮಾಡಿಸಿಕೊಂಡಿದ್ದಳು, ಮೂರು. ಯಾವ ಸೂಜಿ ಅಂತ ಚೀಟಿಯಲ್ಲಿ ಇರಲಿಲ್ಲ. ಎರಡನೆಯದು: "ಮನ್ಯಾಗ ದನ ಅದಾವೇನು? ಹಾಲು ಕಾಸಿ ಕುಡೀತೀರೋ, ಹಸೀದ ಕುಡೀತೀರೋ?" ದೊಡ್ಡವ್ವ ನನ್ನ ಮುಖ ನೋಡಿದಳು. ಬೆರಳಿಗೂ ಹಾಲಿಗೂ ಏನು ಸಂಬಂಧ?

ಸಂಬಂಧ ಇತ್ತು. ಆ ಎರಡು ಪ್ರಶ್ನೆಗಳಲ್ಲೇ ಈ ಇಡೀ ಇತಿಹಾಸ ಅಡಗಿದೆ ಅಂತ ನನಗೆ ತಿಳಿದದ್ದು ಆಮೇಲೆ ಓದುತ್ತಾ ಹೋದಾಗ.

* * *

ಮೊದಲು ಡಾಕ್ಟರುಗಳ ಅನುಮಾನದ ಕಥೆ. ಅವರಿಗೆ ಈ ಅನುಮಾನ ಹುಟ್ಟಿನಿಂದ ಬಂದದ್ದಲ್ಲ. ಒಂದು ಕಾಲಕ್ಕೆ ಅವರೇ ಇದರ ದೊಡ್ಡ ಭಕ್ತರಾಗಿದ್ದರು!

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಷಿಕಾಗೋದಲ್ಲಿ ಫ್ರಾಂಕ್ ಬಿಲ್ಲಿಂಗ್ಸ್ ಎಂಬ ದೊಡ್ಡ ವೈದ್ಯರು ಒಂದು ವಾದ ಮುಂದಿಟ್ಟರು. ಹಲ್ಲಿನ ಬುಡದಲ್ಲೋ ಟಾನ್ಸಿಲ್‌ನಲ್ಲೋ ಸೋಂಕು ಅಡಗಿ ಕೂತಿರುತ್ತದೆ, ಅಲ್ಲಿಂದ ರೋಗಾಣು ಹೊರಟು ಕೀಲು ಸೇರುತ್ತದೆ, ಅದೇ ಸಂಧಿವಾತ ಅಂತ. ಕೇಳಲಿಕ್ಕೆ ಎಷ್ಟು ಸರಿ ಅನ್ನಿಸುತ್ತದೆ ನೋಡಿ. ಆಗಿನ್ನೂ ಆಂಟಿಬಯಾಟಿಕ್ ಬಂದಿರಲಿಲ್ಲ. ಹಾಗಾಗಿ ಸೋಂಕಿನ ಜಾಗವನ್ನೇ ಕಿತ್ತು ಹಾಕಿದರು. ಕೀಲು ನೋವು ಅಂತ ಬಂದವರ ಹಲ್ಲು ಸಾಲಾಗಿ ಕಿತ್ತರು, ಟಾನ್ಸಿಲ್ ತೆಗೆದರು. ಹಲ್ಲು ಹೋಯಿತು, ನೋವು ಉಳಿಯಿತು. 1938ರಲ್ಲಿ ರಸೆಲ್ ಸೆಸಿಲ್ ಮತ್ತು ಆಂಜೆವೈನ್ ಎಂಬಿಬ್ಬರು 200 ರೋಗಿಗಳ ಲೆಕ್ಕ ತೆಗೆದು ನೋಡಿ, ಈ ವಾದಕ್ಕೆ ಆಧಾರ ಸಾಲದು ಅಂತ ಬರೆದರು.

ಆದರೆ ಸೋಂಕಿನ ವಾದ ಅಷ್ಟಕ್ಕೇ ಸಾಯಲಿಲ್ಲ. ಯಾಕೆಂದರೆ ಕೀಲಿನ ಇನ್ನೊಂದು ಕಾಯಿಲೆಯಲ್ಲಿ ಅದು ಪೂರಾ ನಿಜವಾಗಿತ್ತು - ರುಮಾಟಿಕ್ ಜ್ವರ. ಮಕ್ಕಳಿಗೆ ಗಂಟಲು ನೋವು ಬರುತ್ತದೆ, ಎರಡು ಮೂರು ವಾರ ಬಿಟ್ಟು ದೊಡ್ಡ ಕೀಲುಗಳು ಒಂದಾದ ಮೇಲೊಂದು ಬಾಯುತ್ತವೆ, ಆಮೇಲೆ ಹೃದಯದ ಕವಾಟ ಕೆಡುತ್ತದೆ. ಗಂಟಲಿನ ಸ್ಟ್ರೆಪ್ಟೋಕಾಕಸ್ ಇದಕ್ಕೆ ಮೂಲ. ಅಮೆರಿಕದ ವ್ಯೋಮಿಂಗ್‌ನ ವಾಯುಪಡೆ ನೆಲೆಯಲ್ಲಿ ಗಂಟಲು ಸೋಂಕಾದ ಯುವಕರ ಮೇಲೆ ನಡೆದ ಪ್ರಯೋಗ 1950ರಲ್ಲಿ ಪ್ರಕಟವಾಯಿತು. ಪೆನಿಸಿಲಿನ್ ಪಡೆದ 798 ಮಂದಿಯಲ್ಲಿ ಇಬ್ಬರಿಗೆ ರುಮಾಟಿಕ್ ಜ್ವರ ಬಂತು, ಪಡೆಯದ 804 ಮಂದಿಯಲ್ಲಿ 17 ಮಂದಿಗೆ ಬಂತು. ವಾದವೇ ಮುಗಿಯಿತು. ಇವತ್ತಿಗೂ ನಮ್ಮಲ್ಲಿ ಒಮ್ಮೆ ರುಮಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿಯನ್ನು ವರ್ಷಗಟ್ಟಲೆ ಕೊಡುತ್ತಾರೆ. ಆ ಸೂಜಿ ತಪ್ಪಿಸಿದರೆ ಹೃದಯಕ್ಕೇ ಅಪಾಯ.

ಅಂದರೆ ಒಂದು ಕೀಲಿನ ರೋಗಕ್ಕೆ ಆಂಟಿಬಯಾಟಿಕ್ ರಾಮಬಾಣ ಅಂತ ಸಾಬೀತಾಯಿತು. ಹಾಗಿದ್ದರೆ ಇನ್ನೊಂದಕ್ಕೆ, ಅಂದರೆ ಬೆರಳು ಡೊಂಕು ಮಾಡುವ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಯಾಕಾಗಬಾರದು?

* * *

ಈ ಪ್ರಶ್ನೆಯನ್ನು ಜೀವನಪೂರ್ತಿ ಹಿಡಿದು ಕೂತವರು ಥಾಮಸ್ ಮೆಕ್‌ಫರ್ಸನ್ ಬ್ರೌನ್ (1906-1989). ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಹೋಮರ್ ಸ್ವಿಫ್ಟ್ ಅವರ ಕೈಕೆಳಗೆ ದುಡಿಯುತ್ತಿದ್ದಾಗ, ರುಮಾಟಿಕ್ ರೋಗಿಗಳ ಕೀಲಿನ ದ್ರವದಂಥ ಮಾದರಿಗಳಲ್ಲಿ ಅತಿ ಸಣ್ಣ ಜೀವಿಯೊಂದು ಸಿಕ್ಕಿತು ಅಂತ ಇಬ್ಬರೂ 1939ರಲ್ಲಿ ವರದಿ ಮಾಡಿದರು. ಇಂದು ಅಂಥ ಜೀವಿಗಳನ್ನು ಮೈಕೋಪ್ಲಾಸ್ಮಾ ಅನ್ನುತ್ತಾರೆ. ಸಂಧಿವಾತಕ್ಕೆ ಇದೇ ಕಾರಣ ಅನ್ನುವುದು ಬ್ರೌನ್ ನಂಬಿಕೆಯಾಯಿತು.

1948ರಲ್ಲಿ ಟೆಟ್ರಾಸೈಕ್ಲಿನ್ ಬಳಗದ ಮೊದಲ ಔಷಧ ಆರಿಯೋಮೈಸಿನ್ ಬಂತು. ಬ್ರೌನ್ ಅದನ್ನೂ ಅದರ ತಮ್ಮಂದಿರನ್ನೂ ಸಂಧಿವಾತದ ರೋಗಿಗಳಿಗೆ ಕೊಡಲಿಕ್ಕೆ ಶುರು ಮಾಡಿದರು. ದಿನಗಟ್ಟಲೆ ಅಲ್ಲ, ವರ್ಷಗಟ್ಟಲೆ. ದೂರದೂರದಿಂದ ರೋಗಿಗಳು ಅವರನ್ನು ಹುಡುಕಿಕೊಂಡು ಬಂದರು. ಬೇರೆ ವೈದ್ಯರು "ಪುರಾವೆ ಎಲ್ಲಿ?" ಅಂದರು. ಅವರು ಕೇಳಿದ್ದು ತಪ್ಪಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಆ ಜೀವಿ ನಂಬುವ ಹಾಗೆ ಮತ್ತೆ ಮತ್ತೆ ಸಿಗಲಿಲ್ಲ. ಸಂಧಿವಾತವಂತೂ ತಾನಾಗಿಯೇ ಏರುವ, ತಾನಾಗಿಯೇ ಇಳಿಯುವ ಕಾಯಿಲೆ. ಇಳಿಯುವ ಹೊತ್ತಿಗೆ ಏನು ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ. ಹಲ್ಲು ಕಿತ್ತ ನೆನಪೂ ಹಸಿಯಾಗಿತ್ತು.

1971ರಲ್ಲಿ ಒಂದು ಪ್ರಯೋಗದ ಫಲಿತಾಂಶ ಬಂತು. 27 ರೋಗಿಗಳು, ದಿನಕ್ಕೆ 250 ಮಿಲಿಗ್ರಾಂ ಟೆಟ್ರಾಸೈಕ್ಲಿನ್, ಒಂದು ವರ್ಷ. ಹುಸಿ ಗುಳಿಗೆಗಿಂತ ಏನೂ ಹೆಚ್ಚಿಲ್ಲ! ವೈದ್ಯಲೋಕ ಪುಸ್ತಕ ಮುಚ್ಚಿಬಿಟ್ಟಿತು. ಆದರೆ 27 ಮಂದಿ ಅಂದರೆ ಬಹಳ ಕಡಿಮೆ, ಪ್ರಮಾಣವೂ ಕಡಿಮೆ. ಅಷ್ಟರಿಂದ 'ಇದು ಕೆಲಸ ಮಾಡುವುದಿಲ್ಲ' ಅಂತ ಹೇಳಲಿಕ್ಕೂ ಬರುವುದಿಲ್ಲ. ಬ್ರೌನ್ ತಮ್ಮ ದಾರಿ ಬಿಡಲಿಲ್ಲ. 1988ರಲ್ಲಿ ಹೆನ್ರಿ ಸ್ಕಾಮೆಲ್ ಜೊತೆ ಸೇರಿ 'ದ ರೋಡ್ ಬ್ಯಾಕ್' ಅಂತ ಪುಸ್ತಕ ತಂದರು, ಮರುವರ್ಷ ತೀರಿಕೊಂಡರು. ಪುಸ್ತಕ ಓದಿದ ರೋಗಿಗಳು ಅದನ್ನು ಹಿಡಿದುಕೊಂಡು ತಂತಮ್ಮ ಡಾಕ್ಟರ ಬಾಗಿಲು ತಟ್ಟಿದರು. ನಮ್ಮ ದೊಡ್ಡವ್ವನ ಹಾಗೇ :-)

* * *

ಈಗ ಕಥೆಯ ತಿರುವು. ರೋಗಿಗಳ ಮಾತನ್ನು ನಂಬುವ ಹಾಗೂ ಇಲ್ಲ, ತಳ್ಳಿಹಾಕುವ ಹಾಗೂ ಇಲ್ಲ ಅಂತಾದಾಗ ಉಳಿಯುವುದು ಒಂದೇ ದಾರಿ: ಸರಿಯಾಗಿ ಪರೀಕ್ಷೆ ಮಾಡಿ ನೋಡುವುದು. ಅಮೆರಿಕದ ಸರ್ಕಾರಿ ಹಣದಿಂದ ಆರು ಕೇಂದ್ರಗಳಲ್ಲಿ 'ಮಿರಾ' ಎಂಬ ಪ್ರಯೋಗ ನಡೆಯಿತು. ಟೆಟ್ರಾಸೈಕ್ಲಿನ್ ಬಳಗದ ಮಿನೋಸೈಕ್ಲಿನ್, ದಿನಕ್ಕೆ 200 ಮಿಲಿಗ್ರಾಂ, 219 ರೋಗಿಗಳು, 48 ವಾರ. ಯಾರಿಗೆ ನಿಜವಾದ ಗುಳಿಗೆ, ಯಾರಿಗೆ ಹುಸಿ ಅಂತ ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ.

1995ರಲ್ಲಿ ಲೆಕ್ಕ ಹೊರಬಿತ್ತು. ಮಿನೋಸೈಕ್ಲಿನ್ ತೆಗೆದುಕೊಂಡವರಲ್ಲಿ 54% ಮಂದಿಗೆ ಕೀಲಿನ ಬಾವು ಕಡಿಮೆಯಾಗಿತ್ತು, ಹುಸಿ ಗುಳಿಗೆಯವರಲ್ಲಿ 39%. ಮುಟ್ಟಿದರೆ ಆಗುವ ನೋವು ಇಳಿದದ್ದು 56% ಮತ್ತು 41%.

ಈ ಅಂಕಿಗಳನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ. ಎರಡು ಮಾತು ಒಟ್ಟಿಗೇ ಇವೆ ಇಲ್ಲಿ. ಒಂದು, ಬ್ರೌನ್ ರೋಗಿಗಳು ಸುಳ್ಳು ಹೇಳುತ್ತಿರಲಿಲ್ಲ. ಔಷಧಕ್ಕೆ ಗುಣ ಇತ್ತು, ದೊಡ್ಡದಲ್ಲದಿದ್ದರೂ ಇತ್ತು. ಎರಡು, ಔಷಧವೇ ಇಲ್ಲದ ಗುಳಿಗೆ ನುಂಗಿದ ಹತ್ತರಲ್ಲಿ ನಾಲ್ಕು ಮಂದಿಗೂ ಹಗುರಾಗಿತ್ತು! ಹಾಗಾಗಿ 'ನನಗ ಹಗೂರಾತು' ಅನ್ನುವ ಒಬ್ಬರ ಮಾತಿನಿಂದ ಏನನ್ನೂ ತೀರ್ಮಾನಿಸಲಾಗದು ಎಂಬ ಡಾಕ್ಟರ ಅನುಮಾನವೂ ಸುಳ್ಳಲ್ಲ.

1997ರಲ್ಲಿ ನೆಬ್ರಾಸ್ಕಾದ ಜೇಮ್ಸ್ ಓಡೆಲ್ ತಂಡ ರೋಗ ಶುರುವಾಗಿ ಒಂದು ವರ್ಷದೊಳಗಿನ 46 ಮಂದಿಯನ್ನು ನೋಡಿತು. ಆರು ತಿಂಗಳಿಗೆ ಮಿನೋಸೈಕ್ಲಿನ್ ಕಡೆ 65%, ಹುಸಿ ಗುಳಿಗೆಯ ಕಡೆ 13% ಮಂದಿಗೆ ಅರ್ಧಕ್ಕರ್ಧ ಸುಧಾರಣೆ. ಹಾಗಾದರೆ ಬ್ರೌನ್ ಗೆದ್ದರೇ? ಸ್ವಲ್ಪ ತಾಳಿ.

ಅತ್ತ ನ್ಯೂಯಾರ್ಕ್ ರಾಜ್ಯದಲ್ಲಿ ಹಲ್ಲು-ವಸಡಿನ ಸಂಶೋಧಕ ಲಾರ್ನ್ ಗೋಲಬ್ 1983ರಲ್ಲೇ ಒಂದು ವಿಚಿತ್ರ ಕಂಡಿದ್ದರು. ಒಂದೂ ರೋಗಾಣು ಇಲ್ಲದಂತೆ ಸಾಕಿದ, ಸಕ್ಕರೆ ಕಾಯಿಲೆಯ ಇಲಿಗಳ ವಸಡಿನಲ್ಲೂ ಅಂಗಾಂಶವನ್ನು ಕರಗಿಸುವ ಕಿಣ್ವ ಹೆಚ್ಚಿರುತ್ತಿತ್ತು. ಮಿನೋಸೈಕ್ಲಿನ್ ಕೊಟ್ಟರೆ ಅದು ತಗ್ಗುತ್ತಿತ್ತು. ಕೊಲ್ಲಲಿಕ್ಕೆ ರೋಗಾಣುವೇ ಇಲ್ಲ, ಆದರೂ ಔಷಧ ಕೆಲಸ ಮಾಡುತ್ತಿದೆ! ಕೀಲಿನ ಮೃದ್ವಸ್ಥಿಯನ್ನು ತಿನ್ನುವುದೂ ಅದೇ ಜಾತಿಯ ಕಿಣ್ವಗಳೇ.

2006ರಲ್ಲಿ ಓಡೆಲ್ ತಂಡ ಇದನ್ನು ಮನುಷ್ಯರಲ್ಲೇ ನೋಡಿತು. 66 ರೋಗಿಗಳು, ಎಲ್ಲರಿಗೂ ಮೆಥೊಟ್ರೆಕ್ಸೇಟ್. ಅದರ ಜೊತೆಗೆ ಒಂದು ಗುಂಪಿಗೆ ದಿನಕ್ಕೆರಡು ಸಲ 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಇನ್ನೊಂದಕ್ಕೆ ಬರೀ 20 ಮಿಲಿಗ್ರಾಂ, ಮತ್ತೊಂದಕ್ಕೆ ಹುಸಿ ಗುಳಿಗೆ. 20 ಮಿಲಿಗ್ರಾಂ ಅಂದರೆ ರೋಗಾಣುವಿಗೆ ಏನೂ ಆಗದಷ್ಟು ಕಡಿಮೆ. ಅರ್ಧಕ್ಕರ್ಧ ಸುಧಾರಿಸಿದವರು ಎಷ್ಟು ಗೊತ್ತೆ? 100ರ ಗುಂಪಿನಲ್ಲಿ 41.6%, 20ರ ಗುಂಪಿನಲ್ಲಿ 38.9%, ಹುಸಿ ಗುಳಿಗೆಯಲ್ಲಿ 12.5%. ರೋಗಾಣು ಕೊಲ್ಲುವ ಪ್ರಮಾಣಕ್ಕೂ ಕೊಲ್ಲದ ಪ್ರಮಾಣಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ!

ಅಂದರೆ ಔಷಧ ಕೆಲಸ ಮಾಡಿತು, ಆದರೆ ಬಹುಮಟ್ಟಿಗೆ ಆಂಟಿಬಯಾಟಿಕ್ ಆಗಿ ಅಲ್ಲ. ನಮ್ಮ ಸಾಫ್ಟ್‌ವೇರ್ ಜನಕ್ಕೆ ಇದು ಚೆನ್ನಾಗಿ ಗೊತ್ತು. ತೊಂದರೆ ಇಲ್ಲಿದೆ ಅಂದುಕೊಂಡು ಒಂದು ಸಾಲು ಬದಲಿಸುತ್ತೇವೆ, ಪ್ರೋಗ್ರಾಂ ಓಡುತ್ತದೆ. ಆಮೇಲೆ ನೋಡಿದರೆ ತೊಂದರೆ ಇದ್ದದ್ದೇ ಬೇರೆ ಕಡೆ, ಆ ಸಾಲು ಇನ್ನೇನನ್ನೋ ಸರಿಮಾಡಿರುತ್ತದೆ.

ಸಂಧಿವಾತದ ಇತಿಹಾಸದ ತುಂಬಾ ಇಂಥವೇ. ಇದು ಕ್ಷಯದ ಸೋದರ ರೋಗ ಅಂದುಕೊಂಡು ಫ್ರಾನ್ಸಿನ ಜಾಕ್ ಫೊರೆಸ್ಟಿಯೆ 1929ರಲ್ಲಿ ಚಿನ್ನದ ಲವಣ ಕೊಟ್ಟರು. ಅಂದಾಜು ತಪ್ಪು, ಔಷಧ ಸರಿ. ಸೋಂಕು ಅಂದುಕೊಂಡೇ ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಎಂಬ ಮಹಿಳೆ ಸಲ್ಫಾ ಔಷಧವನ್ನೂ ಆಸ್ಪಿರಿನ್ ಜಾತಿಯದನ್ನೂ ಬೆಸೆದು ಸಲ್ಫಾಸಲಜೀನ್ ಮಾಡಿಸಿದರು. ಅದು 1940ರ ದಶಕದಲ್ಲಿ ಮೂಲೆಗೆ ಬಿತ್ತು, 1970ರ ದಶಕದ ಕೊನೆಗೆ ಬರ್ಮಿಂಗ್‌ಹ್ಯಾಮಿನ ವೈದ್ಯರು ಮತ್ತೆ ಎತ್ತಿಕೊಂಡರು. ಇವತ್ತಿಗೂ ಬಳಕೆಯಲ್ಲಿದೆ.

ನಮಗೆ ಹೆಮ್ಮೆ ತರುವ ಒಂದು ಮಾತೂ ಇಲ್ಲಿದೆ. ಆರಿಯೋಮೈಸಿನ್ ಹೊರಬಂದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಗೆ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ (1895-1948). ಇವತ್ತು ಸಂಧಿವಾತಕ್ಕೆ ಮೊದಲ ಔಷಧವಾದ ಮೆಥೊಟ್ರೆಕ್ಸೇಟ್ ಮೂಲವೂ ಅದೇ ಪ್ರಯೋಗಾಲಯ. ಆಗ ಅದು ರಕ್ತ ಕ್ಯಾನ್ಸರಿಗೆ. ಸಂಧಿವಾತಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ, ಬ್ರೌನ್ ಪುಸ್ತಕ ಬಂದ ವರ್ಷವೇ! ರೋಗಿಗಳು ಒಂದು ಔಷಧಕ್ಕಾಗಿ ಜಗಳ ಮಾಡುತ್ತಿದ್ದ ಹೊತ್ತಿಗೆ ಅದರ ಅಕ್ಕನೇ ಬಂದು ಮನೆ ತುಂಬಿದಳು. ಅದಕ್ಕೇ ಮಿನೋಸೈಕ್ಲಿನ್ ಹಿಂದೆ ಬಿತ್ತು. ಅಮೆರಿಕದ ಕೀಲುರೋಗ ತಜ್ಞರ ಸಂಘದ 2008 ಮತ್ತು 2012ರ ಶಿಫಾರಸುಗಳಲ್ಲಿ ಅದರ ಹೆಸರಿತ್ತು. 2015ರಲ್ಲಿ ಬಳಕೆ ಅಪರೂಪವಾಗಿದೆ ಅಂತ ಕೈಬಿಟ್ಟರು. ಬಹಳ ಕಾಲ ತೆಗೆದುಕೊಂಡರೆ ಚರ್ಮ ಕಪ್ಪಾಗುವುದು, ಕೆಲವರಿಗೆ ಯಕೃತ್ತಿನ ತೊಂದರೆ, ಲೂಪಸ್‌ನಂಥ ಕಾಯಿಲೆ ಬರುವುದೂ ಉಂಟು.

* * *

ಇನ್ನು ಹಾಲಿನ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಕೂತು ಓದಿದರೆ ಕಥೆ ಇಲ್ಲಿಗೆ ಮುಗಿಯಿತು. ಆದರೆ ಹಾನಗಲ್ಲಿಗೆ ಮುಗಿಯುವುದಿಲ್ಲ.

ನಮ್ಮದು ದನದ ಸೀಮೆ. ಹಾವೇರಿಯ ದನದ ಸಂತೆ ಹೆಸರಾದದ್ದು, ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಖಿಲಾರಿ ತಳಿಯ ಕೇಂದ್ರವೇ ಇದೆ. ದನ, ಆಡು, ಕುರಿಗಳಿಂದ ಮನುಷ್ಯರಿಗೆ ಬರುವ ಒಂದು ಸೋಂಕಿದೆ - ಬ್ರುಸೆಲ್ಲೋಸಿಸ್. ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ 1887ರಲ್ಲಿ ರೋಗಾಣು ಹಿಡಿದರು. ಅದು ಆಡಿನ ಹಾಲಿನಿಂದ ಬರುತ್ತದೆ ಅಂತ ಗೊತ್ತಾಗಲಿಕ್ಕೆ 1905ರಲ್ಲಿ ಥೆಮಿಸ್ಟೊಕ್ಲಿಸ್ ಝಮ್ಮಿತ್ ಬರಬೇಕಾಯಿತು. ಬಂದು ಹೋಗುವ ಜ್ವರ, ಬೆವರು, ಸುಸ್ತು, ಮತ್ತೆ ಕೀಲು ನೋವು. ಕಾಸದ ಹಾಲು ಕುಡಿದವರಿಗೆ, ದನ ಕಂದು ಹಾಕಿದಾಗ ಬರಿಗೈಯಲ್ಲಿ ತೆಗೆದವರಿಗೆ ಬರಬಹುದು.

ಇದು ಎಲ್ಲೋ ದೂರದ ಕಥೆ ಅಲ್ಲ. ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಡಾ. ಬಿ.ಜಿ. ಮಂಟೂರ ಅವರು ವರ್ಷಗಟ್ಟಲೆ ರೋಗಿಗಳ ರಕ್ತವನ್ನು ಬ್ರುಸೆಲ್ಲಾಗೆ ಪರೀಕ್ಷಿಸುತ್ತ ಹೋದರು. 16 ವರ್ಷಗಳ ಅನುಭವವನ್ನು 2006ರಲ್ಲಿ ಪ್ರಕಟಿಸಿದಾಗ ವಯಸ್ಕ ರೋಗಿಗಳೇ ಐನೂರರ ಸುಮಾರು ಸಿಕ್ಕಿದ್ದರು! ಕೀಲು ನೋವು ಅವರ ಮುಖ್ಯ ದೂರುಗಳಲ್ಲೊಂದು. ನೂರು ವೇಷ ಹಾಕಿಕೊಂಡು ಬರುವ ಈ ರೋಗವನ್ನು ಬರೀ ಲಕ್ಷಣ ನೋಡಿ ಹಿಡಿಯುವುದು ಕಷ್ಟ, ಪರೀಕ್ಷೆ ಮಾಡಲೇಬೇಕು ಅನ್ನುವುದು ಅದರ ಸಾರ.

ಇದಕ್ಕೆ ಔಷಧ ಯಾವುದು ಗೊತ್ತೆ? ಅದೇ ಡಾಕ್ಸಿಸೈಕ್ಲಿನ್! ಆದರೆ ಆರು ವಾರ, ಜೊತೆಗೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೋಮೈಸಿನ್. ಒಂದು ವಾರ ಕೊಟ್ಟು ಬಿಟ್ಟರೆ ಹಗುರಾದಂತೆ ಅನ್ನಿಸಿ ರೋಗ ಮರಳಿ ಬರುತ್ತದೆ. ಇದನ್ನು ಓದಿದಾಗಲೇ ಡಾಕ್ಟರು ಹಾಲಿನ ಬಗ್ಗೆ ಕೇಳಿದ್ದು ಯಾಕೆ ಅಂತ ಹೊಳೆದದ್ದು. ಅವರು ದೊಡ್ಡವ್ವನ ಮಾತನ್ನು ತಳ್ಳಿಹಾಕಿರಲಿಲ್ಲ. ಆ ಗುಳಿಗೆಗೆ ನಿಜವಾಗಿ ಬಗ್ಗುವ ರೋಗ ಇದ್ದರೂ ಇರಬಹುದು ಅಂತ ಹುಡುಕುತ್ತಿದ್ದರು.

ದೊಡ್ಡವ್ವನ ರಕ್ತದಲ್ಲಿ ಬ್ರುಸೆಲ್ಲಾ ಇರಲಿಲ್ಲ. ರುಮಟಾಯ್ಡ್ ಫ್ಯಾಕ್ಟರ್ ಮತ್ತು ಸಿಸಿಪಿ ಪರೀಕ್ಷೆ ಎರಡೂ ಜೋರಾಗಿ ಬಂದವು. ಮೆಥೊಟ್ರೆಕ್ಸೇಟ್ ಶುರುವಾಯಿತು, ವಾರಕ್ಕೆ ಒಂದೇ ದಿನ. (ಯಾರ ಮನೆಯಲ್ಲಾದರೂ ಈ ಗುಳಿಗೆ ಇದ್ದರೆ ದಯವಿಟ್ಟು ಗಮನಿಸಿ: ವಾರಕ್ಕೊಮ್ಮೆಯದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ನಾವು ಸೋಮವಾರ ಅಂತ ಡಬ್ಬಿಯ ಮೇಲೆ ದಪ್ಪಗೆ ಬರೆದಿದ್ದೇವೆ.) ಈಗ ರೊಟ್ಟಿ ಬಡಿಯುತ್ತಾಳೆ. ಆದರೆ 'ವಾಯು' ಅಂತ ಎಣ್ಣೆ ತಿಕ್ಕುತ್ತ, ಸೂಜಿ ಮಾಡಿಸುತ್ತ ಕಳೆದ ತಿಂಗಳುಗಳಲ್ಲಿ ಬಲಗೈಯ ಎರಡು ಬೆರಳು ಡೊಂಕಾಗಿದ್ದವು. ಅವು ಹಾಗೇ ಉಳಿದವು.

* * *

ಈ ಕಥೆಯಲ್ಲಿ ಹೆದರಿಸುವುದು ಆ ತಿಂಗಳುಗಳೇ. 2006ರಲ್ಲಿ, ನಾನು ಪ್ರೈಮರಿ ಶಾಲೆಯಲ್ಲಿದ್ದಾಗ, ಚಿಕುನ್‌ಗುನ್ಯಾ ಬಂದದ್ದು ನಿಮಗೂ ನೆನಪಿರಬಹುದು. ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಜ್ವರ ಹೋದರೂ ಎಷ್ಟೋ ಮಂದಿಗೆ ಕೀಲು ನೋವು ತಿಂಗಳುಗಟ್ಟಲೆ ಹೋಗಲಿಲ್ಲ. ಅದು ವೈರಸ್, ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ. ಕೀಲಿನ ಕ್ಷಯಕ್ಕೆ ತಿಂಗಳುಗಟ್ಟಲೆ ಕ್ಷಯದ ಔಷಧವೇ ಬೇಕು. ರುಮಾಟಿಕ್ ಜ್ವರಕ್ಕೆ ಪೆನಿಸಿಲಿನ್, ಬ್ರುಸೆಲ್ಲಾಗೆ ಆರು ವಾರದ ಜೋಡಿ ಔಷಧ, ರುಮಟಾಯ್ಡ್‌ಗೆ ಮೆಥೊಟ್ರೆಕ್ಸೇಟ್, ಗದ್ದೆಯಲ್ಲಿ ಬಗ್ಗಿ ಬಗ್ಗಿ ಸವೆದ ಮೊಣಕಾಲಿಗೆ ಇವು ಯಾವುದೂ ಅಲ್ಲ. ನಮ್ಮೂರಲ್ಲಿ ಇವೆಲ್ಲಕ್ಕೂ ಒಂದೇ ಹೆಸರು!

ಹಾಗಾಗಿ 'ವಾಯುವಿಗೆ ಆಂಟಿಬಯಾಟಿಕ್ ಆಗುತ್ತದೋ ಇಲ್ಲವೋ' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ನೂರು ವರ್ಷದ ಜಗಳ ಇಷ್ಟು ದಿನ ಎಳೆದದ್ದಕ್ಕೆ ಅದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಹಲ್ಲು ಕಿತ್ತವರು, ಬ್ರೌನ್, ಪುಸ್ತಕ ಮುಚ್ಚಿದವರು... ಎಲ್ಲರೂ ಒಂದೊಂದು ರೋಗದ ಸತ್ಯವನ್ನು ಇನ್ನೊಂದರ ಮೇಲೆ ಹೊದಿಸಲು ಹೋದರು. ಬಿಡಿಸಿದ್ದು ಎರಡೇ: ಹುಸಿ ಗುಳಿಗೆ ಪಕ್ಕದಲ್ಲಿಟ್ಟು ಮಾಡಿದ ಪ್ರಯೋಗ, ಮತ್ತು ರೋಗ ಯಾವುದು ಅಂತ ಮೊದಲು ಕೇಳಿದ ರಕ್ತ ಪರೀಕ್ಷೆ.

ನಿಮ್ಮ ಮನೆಯ ಹಿರಿಯರ ಕೈಬೆರಳು ಬೆಳಗ್ಗೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಎರಡೂ ಕೈಯಲ್ಲಿ ಬಾವಿದ್ದರೆ, ಅಥವಾ ಕೀಲು ನೋವಿನ ಜೊತೆ ಜ್ವರ ಬಂದು ಹೋಗುತ್ತಿದ್ದರೆ, ಗುಳಿಗೆಯ ಹೆಸರು ಹಿಡಿದುಕೊಂಡು ಹೋಗಬೇಡಿ. "ಇದು ಯಾವ ರೋಗ?" ಅನ್ನುವ ಪ್ರಶ್ನೆ ಹಿಡಿದುಕೊಂಡು ಹೋಗಿ. ಜೊತೆಗೆ ಹಳೆಯ ಚೀಟಿ, ಸೂಜಿಯ ಲೆಕ್ಕ, ಮನೆಯ ದನದ ವಿಷಯ ಎಲ್ಲ ಹೇಳಿ. ಡಾಕ್ಟರು ಅನುಮಾನ ಪಟ್ಟರೆ ಬೇಸರ ಬೇಡ. ಯಾಕೆ ಅನುಮಾನ ಅಂತ ಕೇಳಿ. ಒಳ್ಳೆಯ ಡಾಕ್ಟರ ಅನುಮಾನಕ್ಕೆ ಕಾರಣ ಇರುತ್ತದೆ, ಆ ಕಾರಣಕ್ಕೊಂದು ಪರೀಕ್ಷೆಯೂ ಇರುತ್ತದೆ.

ಅಂದ ಹಾಗೆ, ನಿಮ್ಮ ಕಡೆ ಇದಕ್ಕೆ ಏನಂತಾರೆ? ವಾಯುನೋ, ವಾತನೋ, ಬೇರೆ ಹೆಸರೋ? ಬರೆದು ತಿಳಿಸಿ. ಮತ್ತೆ ಹಾಲು ಕಾಸಿ ಕುಡಿಯಿರಿ :-)